ಮಂಗಳ ಗ್ರಹದಲ್ಲಿ ಎಡಕ್ಕೆ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ರಬಾಳೆಯ ಆಫೀಸಿನಿಂದ ಠಾಣೆಗೆ ಬರುವ ಲೋಕಲ್ ರೈಲಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕರೂ ಐರೋಲಿ ದಾಟುವಷ್ಟರಲ್ಲಿ ಎದ್ದು ಬಾಗಿಲ ಬಳಿ ನಿಂತಿರುತ್ತೇನೆ. "ಉತರ್ನಾ ಹೈ ಕ್ಯಾ?" ಇಳಿಯಲಿಕ್ಕುಂಟಾ ಎಂದು ಹಿಂದಿನವರು ಕೇಳುತ್ತಾರೆ. ಅಲ್ಲ ಮಾರಾಯ್ತಿ, ಇಲ್ಲೇ ಸಂಸಾರ ಹೂಡಲಿಕ್ಕೆ ನಿಂತದ್ದು ಎಂದು ಹೇಳಬೇಕೆನಿಸುತ್ತದೆ. ನುಂಗಿಕೊಂಡು ತಲೆ ಆಡಿಸುತ್ತೇನೆ.

ಆ ಮಳೆಗಾಲದಲ್ಲಿ ಓಡುತ್ತಿದ್ದದ್ದು ಮಗಳ ಕ್ಲಾಸಿಗೆ. ಖಾರಘರದ ಮನೆ ಬಿಟ್ಟು ಠಾಣೆಯ ನೌಪಾಡಾಕ್ಕೆ ಬಂದಿದ್ದೆವು. ಅವಳಿಗೆ ಮೂರನೇ ಕ್ಲಾಸು, ಹೊಸ ಶಾಲೆ. ಡಬ್ಬಿ ತೆಗೆಯುವಾಗ ಪಕ್ಕದಲ್ಲಿ ಕೂರುವವರು ಯಾರೂ ಇಲ್ಲ. ಸಂಜೆ ಕೇಳಿದರೆ "ಕೋಯೀ ನಹೀ" ಎಂದು ಶೂ ಬಿಚ್ಚಿ ಎಸೆಯುತ್ತಿದ್ದಳು. ಆಗ ನಮ್ಮ ಗಲ್ಲಿಯ ತುದಿಯ ಕಟ್ಟಡದಲ್ಲಿ, ಶಾಲೆ ಬಿಟ್ಟ ಮೇಲೆ ನಡೆಯುವ ಈ ರೋಬೋಟ್ ಕ್ಲಾಸಿಗೆ ಹಾಕಿದೆ. ಅಲ್ಲಿ ಅವಳಿಗೆ ಒಬ್ಬ ಗೆಳೆಯ ಸಿಕ್ಕಿದ. ಪಕ್ಕದ ಹೌಸಿಂಗ್ ಸೊಸೈಟಿಯ ಮರಾಠಿ ಹುಡುಗ, ದುಂಡು ಕೆನ್ನೆ, ಜೇಬಿನ ತುಂಬ ಸ್ಕ್ರೂ. ಒಬ್ಬನೇ ಒಬ್ಬ. ಅದಕ್ಕೇ ಅವನೆಂದರೆ ನನಗೂ ಜೀವ.

ಕ್ಲಾಸೆಂದರೆ ನೆಲಮಾಳಿಗೆಯ ಒಂದು ಹಾಲ್. ಗೋಡೆಗೆ ಕಪ್ಪು ಬಣ್ಣ ಬಳಿದು ಹೊಳೆಯುವ ನಕ್ಷತ್ರ ಅಂಟಿಸಿದ್ದರು. ನಡುವೆ ದೊಡ್ಡ ಪ್ಲೈವುಡ್ ತಟ್ಟೆಯಲ್ಲಿ ಹೂವಿನ ಕುಂಡಕ್ಕೆ ಹಚ್ಚುವ ಕೆಮ್ಮಣ್ಣು. ಅದೇ ಮಂಗಳ ಗ್ರಹ. ಬಟ್ಟಲು ಒತ್ತಿ ಮಾಡಿದ ಕುಳಿಗಳು, ಅಲ್ಲಲ್ಲಿ ಕಲ್ಲು. ಮಕ್ಕಳು ರಟ್ಟು, ಮೋಟಾರು, ಬ್ಯಾಟರಿ ಜೋಡಿಸಿ ಗಾಡಿ ಮಾಡಬೇಕು. ಜೋಡಿಯಲ್ಲಿ ಒಬ್ಬರು ಪರದೆಯ ಹಿಂದೆ ರಿಮೋಟ್ ಹಿಡಿದು ಕೂರುತ್ತಾರೆ. ಅವರಿಗೆ ಏನೂ ಕಾಣುವುದಿಲ್ಲ. ಇನ್ನೊಬ್ಬರು ಮಂಗಳದ ಪಕ್ಕ ನಿಂತು ದಾರಿ ಕೂಗುತ್ತಾರೆ. ನಮ್ಮ ಜೋಡಿಯಲ್ಲಿ ರಿಮೋಟ್ ಅವನದು, ಗಂಟಲು ಇವಳದು.

ಮೊದಮೊದಲು ಅಲ್ಲಿ ಭಾಷೆಯದ್ದೇ ಗಲಾಟೆ. ಮರಾಠಿಯ 'ಡಾವಾ' ಎಡ, ಹಿಂದಿಯ 'ದಾಯಾ' ಬಲ. ಒಬ್ಬರು ಕೂಗಿದರೆ ಇನ್ನೊಬ್ಬರು ಉಲ್ಟಾ ತಿರುಗಿಸಿ ಗಾಡಿಗಳೆಲ್ಲ ಕುಳಿಗೆ. ಮೇಷ್ಟ್ರು ತಲೆ ಚಚ್ಚಿಕೊಂಡು ಕಾನೂನು ಮಾಡಿದರು: ಲೆಫ್ಟ್, ರೈಟ್ ಮಾತ್ರ, ಬೇರೆ ಒಂದಕ್ಷರ ಕೂಡದು. ಕನ್ನಡದ ಮಾತು ಅಲ್ಲಿ ಯಾರ ತಲೆಗೂ ಬರಲಿಲ್ಲ. ಬರುವುದಾದರೂ ಹೇಗೆ? ಮನೆಯಲ್ಲೇ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇವಳು ಹಿಂದಿಯಲ್ಲಿ ಉತ್ತರಿಸುವವಳು. "ಊಟಕ್ಕೆ ಬಾ" ಎಂದರೆ "ಆ ರಹೀ ಹೂಂ ನಾ!" ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಅವಳ ಬಾಯಲ್ಲಿ ಒಂದು ಪೂರ್ತಿ ವಾಕ್ಯ ಕೇಳಬೇಕೆಂದು ನನಗೆಷ್ಟು ಆಸೆಯಿತ್ತೆಂದರೆ, ಉಡುಪಿಯಿಂದ ನನ್ನ ಅಮ್ಮ ಫೋನ್ ಮಾಡಿದಾಗಲೆಲ್ಲ ಇವಳ ಕಿವಿಗೆ ಫೋನ್ ಹಿಡಿದು, ಅಜ್ಜಿಗೆ ಕನ್ನಡದಲ್ಲಿ ಒಂದು ಮಾತು ಹೇಳು ಎಂದು ಗೋಗರೆಯುತ್ತಿದ್ದೆ.

ಪಾಲಕರಿಗೆ ತೋರಿಸುವ ದಿನ ಬಂತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು ಕಾಲು ಕುಣಿಸುತ್ತ ಕೂತಿದ್ದೆ. ಪಕ್ಕದಲ್ಲಿ ಆ ಹುಡುಗನ ತಾಯಿ. ಇವರ ಗಾಡಿ ಕಲ್ಲು ಸುತ್ತಿ, ಸಣ್ಣ ಕುಳಿ ತಪ್ಪಿಸಿ ಚೆನ್ನಾಗಿಯೇ ಹೊರಟಿತ್ತು. ಇನ್ನೇನು ದೊಡ್ಡ ಕುಳಿಯ ಅಂಚು ಬಂತು. "ಲೆಫ್ಟ್" ಎನ್ನಬೇಕು. ಮಗಳ ಬಾಯಿ ತೆರೆದದ್ದು ಹಾಗೇ ನಿಂತಿತು. ಆಮೇಲೆ ಹಾಲ್ ಕಿತ್ತುಹೋಗುವ ಹಾಗೆ ಕಿರುಚಿದಳು:

"ಎಡಾ! ಎಡಾ! ಎಡಾ!"

ಅಯ್ಯೋ ದೇವರೇ, ಅದು ನನ್ನದೇ ದನಿ! ದಿನಾ ಬೆಳಿಗ್ಗೆ ಶಾಲೆಯ ವ್ಯಾನ್ ಹಾರ್ನ್ ಹೊಡೆಯುವಾಗ ಅವಳು ಶೂ ಅದಲುಬದಲು ತೂರಿಸಿ ನಿಂತಿರುತ್ತಾಳೆ, ನಾನು ಅಡುಗೆಮನೆಯಿಂದ ಹೀಗೇ ಬೊಬ್ಬೆ ಹೊಡೆಯುತ್ತೇನೆ. ಗಾಬರಿಯಾದಾಗ ಅವಳಿಗೆ ಸಿಕ್ಕಿದ್ದು ಆ ಗಾಬರಿಯ ಮಾತೇ.

ಗಾಡಿ ನಿಂತಿತು. ಪರದೆ ಸರಿಯಿತು. ಹುಡುಗನ ಕೆನ್ನೆ ಕೆಂಪಾಗಿತ್ತು. ರಿಮೋಟ್ ನೆಲಕ್ಕೆ ಕುಕ್ಕಿ ತಾಯಿಯ ಕಡೆ ಓಡಿಬಂದ. "ತಿನೇ ಮಲಾ ಯೆಡಾ ಮ್ಹಟ್ಲಂ!" ನನ್ನನ್ನು ಹುಚ್ಚ ಅಂದಳು ಎಂದು ಬಿಕ್ಕಿದ. ಅಷ್ಟು ಜನರೆದುರು, ಮೂರು ಮೂರು ಸಲ! ಅವನ ತಾಯಿ ನನ್ನ ಕಡೆ ತಿರುಗಿದರು. "ಅಹೋ, ಮುಲೀಲಾ ಕಾಯ್ ಶಿಕವ್ತಾ?" ಮಗಳಿಗೆ ಏನು ಕಲಿಸುತ್ತೀರಿ? ನಾನು ಬಾಯಿ ತೆರೆಯುವಷ್ಟರಲ್ಲಿ ಮಗನ ಕೈ ಹಿಡಿದು ಹೊರಟೇಹೋದರು.

ದಾರಿಯುದ್ದಕ್ಕೂ ಮಗಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆ ಬಾಗಿಲಲ್ಲಿ ಶೂ ಬಿಚ್ಚುತ್ತ, ತಲೆ ಎತ್ತದೆ ಹೇಳಿದಳು: "ಮೇರೇ ಸೆ ಕನ್ನಡ ಮತ್ ಬೋಲ್." ನನ್ನ ಹತ್ತಿರ ಕನ್ನಡ ಮಾತಾಡಬೇಡ. ಬೈಯಲು ಹೊರಟವಳು ಅವಳ ಶೂ ಎತ್ತಿ ಮೂಲೆಗಿಟ್ಟೆ. ಇದ್ದ ಒಬ್ಬ ಗೆಳೆಯನನ್ನು ನನ್ನ ಭಾಷೆ ಓಡಿಸಿಬಿಟ್ಟಿತ್ತಲ್ಲ.

ಆ ವಾರ ನಾನು ಮನುಷ್ಯಳಾಗಿರಲಿಲ್ಲ. ಹಾಲು ಉಕ್ಕಿಸಿದೆ. ರೈಲು ಹತ್ತಿದ ಕ್ಷಣದಿಂದ ಬಾಗಿಲಲ್ಲೇ ನಿಂತೆ. ಗಂಡ "ಮಕ್ಕಳ ಜಗಳ ಮಾರಾಯ್ತಿ, ಬಿಟ್ಬಿಡು" ಎಂದರು. ಬಿಡುವುದೆಂಥದ್ದು? ಸಂಜೆ ಇವಳು ಕಿಟಕಿಯಲ್ಲಿ ನಿಂತು ಪಕ್ಕದ ಸೊಸೈಟಿಯ ಗೇಟನ್ನೇ ನೋಡುತ್ತಿದ್ದಳು. ಅವನು ಸೈಕಲ್ ತಂದರೆ ಪರದೆಯ ಹಿಂದೆ ಸರಿಯುತ್ತಿದ್ದಳು.

ಮುಂದಿನ ಕ್ಲಾಸಿನ ದಿನ ಆಫೀಸಿನಿಂದ ಬೇಗ ಹೊರಟು ಅವಳನ್ನು ಎಳೆದುಕೊಂಡೇ ಹೋದೆ. ಹುಡುಗ ಕೈಕಟ್ಟಿ ಗೋಡೆಗೆ ಒರಗಿ ಕೂತಿದ್ದ. ಇವಳು ಎದುರು ಗೋಡೆಗೆ. ನಾನು ನೇರ ಹೋಗಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಹರಕು ಮರಾಠಿಯಲ್ಲಿ ಶುರುಮಾಡಿದೆ. "ತೂ ಯೆಡಾ ನಾಹೀ, ರೇ!" ಎಡಗೈ ಎತ್ತಿ ತೋರಿಸಿದೆ. "ಹಾ ಹಾತ್ ಯೆಡಾ!"

ಅವನು ನನ್ನ ಕೈ ನೋಡಿದ, ಮುಖ ನೋಡಿದ, ಸ್ವಲ್ಪ ಹಿಂದೆ ಸರಿದ. "ಆಂಟಿ, ಹಾತ್ ಯೆಡಾ ಕಸಾ ಅಸೇಲ್?" ಕೈಗೆ ಹುಚ್ಚು ಹಿಡಿಯುವುದು ಹೇಗೆ? ಅವನ ಲೆಕ್ಕದಲ್ಲಿ ಅಲ್ಲಿ ಯಾರು ಯೆಡಾ ಎನ್ನುವುದು ಸ್ಪಷ್ಟವಾಗಿತ್ತು.

"ನಮ್ಮ ಭಾಷೆಯಲ್ಲಿ ಎಡ ಅಂದರೆ ಲೆಫ್ಟ್!" ಎಂದೆ, ಹಿಂದಿ ಮರಾಠಿ ಇಂಗ್ಲಿಷ್ ಮೂರೂ ಕಲಸಿ. ಅವನು ಎದುರು ಗೋಡೆಯ ಕಡೆ ನೋಡಿದ. "ಖರಂಚ್?" ನಿಜವಾ? ಮಗಳು ಮೆಲ್ಲಗೆ ಎಡಗೈ ಎತ್ತಿದಳು, ಅಷ್ಟೇ. ಕಣ್ಣಲ್ಲಿ ನೀರು.

ಹುಡುಗ ಯೋಚಿಸಿದ. "ಔರ್ ರೈಟ್ ಕೋ?"

"ಬಲ," ಎಂದಳು.

"ಬಲಾ?" ಹಿಂದಿಯಲ್ಲಿ ಅದು ಪೀಡೆ. ಅವನು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. "ಏಕ್ ಸೈಡ್ ಯೆಡಾ, ಏಕ್ ಸೈಡ್ ಬಲಾ!" ಮಗಳ ತುಟಿಯೂ ಸಡಿಲವಾಯಿತು. ಮೇಷ್ಟ್ರ ಕಾನೂನನ್ನು ಇಬ್ಬರೂ ಗಾಳಿಗೆ ತೂರಿ ಗಾಡಿ ಹಿಡಿದು ಮಂಗಳಕ್ಕೆ ಹೊರಟರು. ಅವನು ಪರದೆಯ ಹಿಂದೆ ಹೋದ, ನಾನು ಕುರ್ಚಿಗೆ. "ಎಡಾ! ಬಲಾ!" ಎಂದು ಇವಳು ಕೂಗಿದ ಹಾಗೆಲ್ಲ ಗಾಡಿ ತಿರುಗುತ್ತಿತ್ತು, ಪರದೆಯ ಹಿಂದಿನಿಂದ ಕಿಸಕ್ಕನೆ ನಗು ಬರುತ್ತಿತ್ತು.

ಮತ್ತೆ ಆ ದೊಡ್ಡ ಕುಳಿ ಬಂತು, ಈ ಸಲ ಇನ್ನೊಂದು ಬದಿಯಿಂದ. ಚಕ್ರ ಅಂಚಿನ ಮೇಲೆ, ಮಣ್ಣು ಜರಿಯುತ್ತಿದೆ, ಇವಳು ಬಾಯಿ ತೆರೆದಿಲ್ಲ. ನನಗೆ ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದೇಬಿಟ್ಟೆ. "ಬಲ, ಬಲ! ಅಯ್ಯೋ, ಬಲಕ್ಕೆ ಹೇಳು!"

ಮಗಳು ಗರಕ್ಕನೆ ತಿರುಗಿದಳು.

"ಅಮ್ಮಾ, ನೀನು ಸ್ವಲ್ಪ ಸುಮ್ನೆ ಕೂತ್ಕೊ ಮಾರಾಯ್ತಿ! ಅವನಿಗೆ ನಾನು ಹೇಳ್ತೇನೆ."

ನಾನು ಕೂತೆ.