ರಾಮದುರ್ಗದಲ್ಲಿ ಇಲ್ಲದ ನನ್ನ ಮನೆ

ರಾಮದುರ್ಗದ ಒಬ್ಬ ಬಾಣಂತಿಗೆ ನಾನು ಸುಳ್ಳು ಹೇಳಿದೆ. "ಇಲ್ಲೇ ಅದೇನಿ, ಬಂದೆ" ಎಂದೆ. ನಾನಿದ್ದದ್ದು ಬೈಲಹೊಂಗಲದಲ್ಲಿ. ಅವಳು ನಂಬಿ ಕಾದಳು. ಆಮೇಲೆ ಅವಳ ಕೂಸಿಗೆ ಏನಾಯಿತು — ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಕವಿತಾ, ಬಸೂ, ನಿಮ್ಮ ಅಜ್ಜ ಹೋದ ಮೇಲೆ ನಾನು ಕೂಸುಗಳಿಗೆ, ಬಾಣಂತಿಯರಿಗೆ ಎಣ್ಣೆ ಹಚ್ಚಿ ಎರೆಯುವ ಕೆಲಸ ಹಿಡಿದೆ. ಬಾಗಿಲಿಗೆ ಹೋಗಿ ಕೆಲಸ ಕೇಳಲು ನಾಚಿಕೆ. ಅದಕ್ಕೇ ಕವಿತಾ, ನೀನು ನನ್ನ ಹೆಸರನ್ನು ಫೋನಿನ ಮ್ಯಾಪಿಗೆ ಸೇರಿಸಿದೆ. ಹೋಗಿ ಕೆಲಸ ಮಾಡುವ ಊರುಗಳು ಎಂಬಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕನ್ನೂ ಬರೆದೆ. ಮನೆಯ ವಿಳಾಸ ಮಾತ್ರ ಜನರಿಗೆ ಕಾಣದಂತೆ ಇಟ್ಟೆ. ಆದರೂ ರಾಮದುರ್ಗದಿಂದ ಒಂದೂ ಕರೆ ಬರಲಿಲ್ಲ.

"ಆಯೀ, ನಾಕು ಊರು ಹಾಕಿದ್ರ ನಾಕೂ ಕಡೆ ಹೆಸರು ಮ್ಯಾಲ ಬರೂದಿಲ್ಲ. ಮ್ಯಾಪು ನಿನ್ನ ಮನಿ ಎಲ್ಲೈತಿ ಅನ್ನೂದನ್ನ ನೋಡತೈತಿ. ಹುಡುಕೋರಿಗೆ ಹತ್ತಿರ ಇದ್ದೋರ ಹೆಸರು ಮೊದಲು. ಅಲ್ಲಿ ಮೊದಲ ಬರಬೇಕಂದ್ರ ರಾಮದುರ್ಗದಾಗ ಒಂದು ಮನಿ ಮಾಡು!" ಎಂದು ನೀನು ನಕ್ಕೆ.

ನಾನು ನಗಲಿಲ್ಲ. ಅಲ್ಲಿ ನನ್ನ ತಂಗಿಯ ಮನೆ ಇತ್ತಲ್ಲ. ಅವಳಲ್ಲಿಗೆ ಹೋದಾಗ ಅವಳ ಬಾಗಿಲಿಗೆ ನನ್ನ ಹೆಸರಿನ ಬೋರ್ಡು ತೂಗುಹಾಕಿ, ಮ್ಯಾಪಿನವರು ಪುರಾವೆಗೆ ಕೇಳುವ ವಿಡಿಯೋವನ್ನು ಮೊಬೈಲ್ ಅಂಗಡಿಯವನಿಂದ ತೆಗೆಸಿ, ಅವನಿಂದಲೇ ವಿಳಾಸ ಬದಲಿ ಮಾಡಿಸಿದೆ. ಬೋರ್ಡು ಅಂದೇ ಇಳಿಸಿದೆ. ವಿಳಾಸ ಯಾರಿಗೂ ಕಾಣುವುದಿಲ್ಲ — ಯಾರು ಹಿಡಿದಾರು? ಕರೆ ಬಂದರೆ ತಂಗಿಯ ಮನೆಯಲ್ಲಿ ಉಳಿದು ಎರೆದರಾಯಿತು ಎಂದುಕೊಂಡೆ. ಇತ್ತ ನಮ್ಮ ಓಣಿಯವರು ಹುಡುಕಿದರೆ ನನ್ನ ಹೆಸರು ಎಲ್ಲೋ ಕೆಳಗೆ ಹೋಗಿತ್ತು. ಏಕೆಂದು ತಿಳಿಯದೆ ನೀನು ತಲೆ ಕೆಡಿಸಿಕೊಂಡೆ.

ಒಂದು ಬೆಳಿಗ್ಗೆ ರಾಮದುರ್ಗದ ಆ ಬಾಣಂತಿಯ ಫೋನು ಬಂತು.

"ಆಯೀ, ಮ್ಯಾಪಿನ್ಯಾಗ ನಿಮ್ಮ ಹೆಸರೇ ಮೊದಲ ಬಂತ್ರಿ. ಇಲ್ಲೇ ಹತ್ತಿರ ಇದ್ದೀರಂತ ಮಾಡಿದೆ. ಕೂಸಿನ ಮೈ ಸುಡಾಕತ್ತೈತ್ರಿ, ಹಾಲು ಕುಡಿವಲ್ದು. ನೀವು ಬಂದು ನೋಡತೀರೋ, ದವಾಖಾನಿಗೆ ಒಯ್ಲೋ?"

ಕೂಸಿದ್ದ ಮನೆಯಿಂದ ಕರೆ ಬಂದರೆ 'ಬರುವುದಿಲ್ಲ' ಎನ್ನಬಾರದು, ಅಪಶಕುನ ಎಂದು ನನ್ನ ಅತ್ತೆ ಕಲಿಸಿದ್ದರು. ಆದರೆ 'ದವಾಖಾನೆಗೆ ಒಯ್ಯಿ' ಎನ್ನಬಾರದೆಂದು ಯಾರೂ ಕಲಿಸಿರಲಿಲ್ಲ. ಎಳೆಗೂಸಿಗೆ ಜ್ವರ ಬಂದರೆ ತಡ ಮಾಡಬಾರದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ — ದೂರ ಇದ್ದೇನೆಂದರೆ ಸುಳ್ಳು ವಿಳಾಸ ಬಯಲಾಗುತ್ತದೆಂದು ಹೆದರಿ —

"ನಿಲ್ಲವ್ವ, ಎಲ್ಲೂ ಒಯ್ಯಬ್ಯಾಡ. ಇಲ್ಲೇ ಅದೇನಿ, ಬಂದೆ."

ಸಿಕ್ಕ ಬಸ್ಸು ಹತ್ತಿದೆ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಒಮ್ಮೆ ಎತ್ತಿದೆ. "ಎಲ್ಲಿ ಅದೀರಿ ಆಯೀ? ಕೂಸು ಅಳೂದು ಬಿಟ್ಟೈತ್ರಿ" ಎಂದಳು. ಬಸ್ಸು ಮುರಗೋಡಕ್ಕೆ ಬಂದು ನಿಂತಿತ್ತು, ರಾಮದುರ್ಗ ಇನ್ನೂ ದೂರ. ನಾನು ಫೋನು ಬಂದ್ ಮಾಡಿ ಇಳಿದುಬಿಟ್ಟೆ. ಎದುರಿನ ಬಸ್ಸು ಹಿಡಿದು ಮನೆಗೆ ಬಂದೆ. ಅಂದು ನಿಮಗೆ ಉಣಬಡಿಸಿದೆ, ನೆನಪಿದೆಯೇ? ಸಾರು ಚೆಲ್ಲಿತ್ತು.

ಆಮೇಲೆ ಕವಿತಾ, ವಿಳಾಸ ತಪ್ಪಾಗಿದೆ ಎಂದಷ್ಟೇ ಹೇಳಿ ನಿನ್ನಿಂದಲೇ ಮೊದಲಿನಂತೆ ಮಾಡಿಸಿದೆ. ಕೆಲ ದಿನ ಬಿಟ್ಟು ತಂಗಿ ಫೋನು ಮಾಡಿದಳು. "ಅಕ್ಕಾ, ನಮ್ಮ ಹಿಂದಿನ ಓಣ್ಯಾಗ ಒಂದು ಕೂಸು —" ಎನ್ನುವಷ್ಟರಲ್ಲಿ, "ಒಲಿ ಮ್ಯಾಲ ಹಾಲು ಇಟ್ಟೇನಿ" ಎಂದು ಫೋನು ಇಟ್ಟೆ. ಒಲೆ ಹಚ್ಚಿರಲೇ ಇಲ್ಲ.

ಬದುಕಿದ್ದರೆ ಆ ಕೂಸು ಈಗ ಸಾಲೆಗೆ ಹೋಗುತ್ತಿರಬೇಕು. ಬದುಕಿದ್ದರೆ. ಆ ತಾಯಿಯ ನಂಬರು ಇನ್ನೂ ನನ್ನ ಫೋನಿನಲ್ಲಿದೆ. ಪರಿಚಯವಿಲ್ಲದ ನಂಬರು ಬಂದರೆ ಈಗಲೂ ನಾನು ಎತ್ತುವುದಿಲ್ಲ. ಆಯಿಗೆ ಕಿವಿ ಮಂದವಾಗಿದೆ ಎಂದು ನೀವು ತಿಳಿದಿದ್ದೀರಿ. ನನ್ನ ಕಿವಿ ಚೆನ್ನಾಗಿಯೇ ಇದೆ.

ನಾಳೆ ರಾಮದುರ್ಗಕ್ಕೆ ಹೋಗುತ್ತೇನೆ. ನೀವು ಜೊತೆಗೆ ಬರಬೇಡಿ. ತಂಗಿಯ ಮನೆಯ ಹಿಂದಿನ ಓಣಿಯಲ್ಲಿ ಆ ತಾಯಿಯ ಬಾಗಿಲಲ್ಲಿ ನಿಂತು, ಅಂದು 'ಬಂದೆ' ಎಂದು ಬಾರದೇ ಹೋದವಳು ನಾನೇ ಎಂದು ಹೇಳಬೇಕು. ಒಳಗಿನಿಂದ ಯಾರು ಬರುತ್ತಾರೋ, ಏನು ಕೇಳಬೇಕಾಗುತ್ತದೋ ಗೊತ್ತಿಲ್ಲ. ಈ ಸಲ ಬಸ್ಸು ಮುರಗೋಡದಲ್ಲಿ ನಿಂತಾಗ ನಾನು ಇಳಿಯಬಾರದು.