ಬುತ್ತಿ ಬಿಚ್ಚದೆ ಮಾರಿದ ನೆಲ

ನಮ್ಮ ಪ್ರೊಫೆಸರ್ ಬದುಕಿದ್ದಷ್ಟು ದಿನ ಒಂದು ಅಡಿ ನೆಲವನ್ನೂ ಕೊಳ್ಳಲಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಇವತ್ತು ಸೈಟು ಮಾರಿ ಹೊಟ್ಟೆ ಹೊರೆಯುವವರಲ್ಲಿ ಮುಕ್ಕಾಲು ಮಂದಿ ಅವರ ಶಿಷ್ಯರು. ನಾನೂ ಒಬ್ಬ. ಸಿಂಧನೂರಿನ ಕಾಲೇಜಿನಲ್ಲಿ ಅವರು ವಾಣಿಜ್ಯ ಪಾಠ ಹೇಳುತ್ತಿದ್ದರು. ಭಾನುವಾರ ಮಾತ್ರ ತಮ್ಮ ಬಾಡಿಗೆ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಮ್ಮಂಥ ದಲ್ಲಾಳಿಗಳನ್ನು ಕೂಡಿಸಿಕೊಂಡು ಪಹಣಿ ಓದುವುದು, ಬಾಂದುಕಲ್ಲು ನೋಡಿ ಗಡಿ ಗುರುತಿಸುವುದು ಕಲಿಸುತ್ತಿದ್ದರು, ಅದೂ ಪುಕ್ಕಟೆ. ಊರವರು ಚೇಷ್ಟೆಗೆ ‘ರಿಯಲ್ ಎಸ್ಟೇಟ್ ಪ್ರೊಫೆಸರ್’ ಎಂದು ಕರೆದರು. ಬರಬರುತ್ತ ಅದೇ ಗೌರವದ ಹೆಸರಾಯಿತು.

“ನೀವ್ಯಾಕ್ರಿ ಸರ್ ಒಂದು ಸೈಟು ತಗೋವಲ್ರಿ?” ಎಂದರೆ, “ಬಡಸಾಂವ ಮೊದಲ ತನ್ನ ತಾಟಿಗೆ ಹಾಕ್ಕೊಂಡ್ರ ಪಂಕ್ತಿಯವರು ಏನು ತಿನ್ನಬೇಕಲೇ?” ಎಂದು ನಗುತ್ತಿದ್ದರು. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕಾರು ಎನ್ನುತ್ತಿದ್ದೆವು. ಅವರು ಒಳಗಿನಿಂದಲೇ, “ಪಂಕ್ತಿ ಎದ್ದ ಮ್ಯಾಲರ ಹಾಕ್ಕೋರಿ. ಗ್ವಾಡಿಗೆ ಒಂದು ಮೊಳಿ ಹೊಡಿಬೇಕಂದ್ರ ಮನಿ ಮಾಲಕನ್ನ ಕೇಳಬೇಕು, ಎಂಥಾ ಬಾಳೇವು ಇದು!” ಎನ್ನುತ್ತಿದ್ದರು. ನಾವು ಹೋ ಎಂದು ನಗುತ್ತಿದ್ದೆವು. ಅದು ನಗುವ ಮಾತಾಗಿರಲಿಲ್ಲ.

ಅವರು ಕಲಿಸಿದ್ದರಲ್ಲಿ ದೊಡ್ಡದು ಬುತ್ತಿ ಊಟ. ವ್ಯವಹಾರ ಪಕ್ಕಾ ಆಗುವ ಮೊದಲು ಕೊಳ್ಳುವವನು, ಮಾರುವವನು, ದಲ್ಲಾಳಿ ಮೂವರೂ ಆ ನೆಲದ ಮೇಲೆ ಕುಳಿತು ರೊಟ್ಟಿ ತಿನ್ನಬೇಕು. ಕೆಳಗೆ ಚಾಪೆ ಹಾಸುವ ಹಾಗಿಲ್ಲ. ಕಾಲುವೆ ಸೀಮೆಯ ನೆಲವಾದರೆ ಕಾಲುವೆಯಲ್ಲಿ ನೀರು ಹರಿಯುತ್ತಿರುವಾಗಲೇ ಕೂರಬೇಕು. “ಕಣ್ಣಿಗೆ ಕಾಣದ್ದು ಕುಂಡಿಗೆ ತಿಳೀತದಲೇ. ಮತ್ತ ಯಾವನಿಗೆ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲೋ, ತಕರಾರು ಅವನ ಹಂತ್ಯಾಕ ಐತಿ ಅಂತ ತಿಳ್ಕೋರಿ” ಎನ್ನುತ್ತಿದ್ದರು. ಒಮ್ಮೆ ಗುರುಗುಂಟಾದ ಕಡೆ ಹೀಗೇ ಕೂತಾಗ ಹೊಲ ಮಾರುವವನು ತುತ್ತು ಕೈಯಲ್ಲಿ ಹಿಡಿದು ಅತ್ತೇಬಿಟ್ಟ. ತಂಗಿಯ ಪಾಲನ್ನು ಆಕೆಗೆ ಹೇಳದೆ ಮಾರಲು ಹೊರಟಿದ್ದನಂತೆ. ಆ ಮೇಲೆ ನಮ್ಮ ಕಡೆ ಜನ ಜಮೀನಿನ ಮಾತು ಬಂದರೆ “ಬುತ್ತಿ ಆತೇನು?” ಎಂದೇ ಕೇಳತೊಡಗಿದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಬೇಸಿಗೆಗೆ ನಾವು ಮೂವರು ಪಾಲುದಾರರು ಸಿಂಧನೂರಿನ ಈಚೆ, ಕಾಲುವೆಯ ಕೆಳಗಿದ್ದ ಭತ್ತದ ಗದ್ದೆಯೊಂದನ್ನು ಸಸ್ತಾದಲ್ಲಿ ಹಿಡಿದೆವು. ಕೆಂಪು ಗರಸು ಮಣ್ಣು ಹೇರಿ ತಗ್ಗು ಮುಚ್ಚಿದೆವು. ಬೇಸಿಗೆಯೆಂದು ಕಾಲುವೆಯ ನೀರು ನಿಲ್ಲಿಸಿದ್ದರು, ನೆಲ ಕಲ್ಲಿನ ಹಾಗೆ ಒಣಗಿತ್ತು. ನೀರು ಬಿಟ್ಟರೆ ಅಲ್ಲಿ ಜೌಗು ಏಳುತ್ತದೆಂದು ಮೂವರಿಗೂ ಗೊತ್ತಿತ್ತು, ಅದಕ್ಕೇ ಬುತ್ತಿಯ ಮಾತನ್ನು ಯಾರೂ ಎತ್ತಲಿಲ್ಲ. ಲೇಔಟಿಗೆ ಹೆಸರೇನೆಂದು ಮಾತು ಬಂದಾಗ ಒಬ್ಬ ಪಾಲುದಾರ ಅಂದ: “ಸರ್ ಹೆಸರು ಇಡೂಣು. ಕಮಾನಿನ ಮ್ಯಾಲ ಫೋಟೋ ಹಾಕೂಣು. ಮಂದಿ ಕಣ್ಣು ಮುಚ್ಚಿ ತಗೋತಾರ.” ಅವನ ಬಾಯಿ ಮುಚ್ಚಿಸಬೇಕಿತ್ತು. ಸುಡ್ಲಿ ನನ್ನ ಬುದ್ಧಿ, ಗುರುಗಳಿಗೆ ಒಂದು ಸ್ಮಾರಕ ಆಗುತ್ತದೆ ಎಂದು ಖುಷಿಪಟ್ಟೆ. ಅಕ್ಕಾರ ಒಪ್ಪಿಗೆ ತರುವ ಕೆಲಸವೂ ನನಗೇ ಬಿತ್ತು.

ಅಕ್ಕಾರು ಈಗ ಲಿಂಗಸುಗೂರಿನಲ್ಲಿ ಮಗಳ ಜೊತೆ ಇದ್ದಾರೆ. ಅದೂ ಬಾಡಿಗೆ ಮನೆಯೇ. ಹೆಸರಿನ ವಿಷಯ ಹೇಳಿದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಚಹಾದ ಬಟ್ಟಲು ಮುಂದಿಟ್ಟು ಸಹಜವಾಗಿ ಕೇಳಿದರು:

“ಬುತ್ತಿ ಆತೇನಪಾ?”

“ಆಗೇತ್ರಿ ಅಕ್ಕಾರ.”

ಯೋಚನೆಯನ್ನೂ ಮಾಡಲಿಲ್ಲ ನಾನು. ಕೆಮ್ಮು ಬಂದಷ್ಟು ಸಲೀಸಾಗಿ ಬಂತು ಆ ಸುಳ್ಳು. ಅಷ್ಟಕ್ಕೇ ಮುಗಿದಿದ್ದರೆ ಮರೆತೂ ಬಿಡುತ್ತಿದ್ದೆನೇನೋ. ಅಕ್ಕಾರು ಹತ್ತಿರ ಸರಿದು, ಮಗಳಿಗೆ ಕೇಳಿಸಬಾರದೆಂಬಂತೆ ಹೇಳಿದರು: “ಹಂಗಾದ್ರ ನನಗೊಂದು ಮೂಲಿ ಸೈಟು ಇಡು. ಅವರು ರಿಟೈರ್ ಆದಾಗ ಬಂದ ರೊಕ್ಕ ಹಂಗ ಐತಿ. ಎರಡು ಖೋಲಿ ಹಾಕ್ಕೋತೀನಿ. ನನ್ನ ಗ್ವಾಡಿ, ನನ್ನ ಮೊಳಿ.”

ಬಾಯಿಗೆ ಬಂದ ಮಾತನ್ನು ಚಹಾದ ಜೊತೆ ನುಂಗಿದೆ. ನಾನು ನಿಜ ಹೇಳದಿದ್ದರೆ ಆ ಹೆಂಗಸಿನ ಇಡೀ ಬಾಳಿನ ಆಸೆ ಹೋಗಿ ಕೆಸರಿನಲ್ಲಿ ನಿಲ್ಲುತ್ತಿತ್ತು. ಹೇಳಿದರೆ ಲೇಔಟೇ ಮುಳುಗುತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಮುಂಗಾರು ಬಂತು. ಅಷ್ಟರಲ್ಲಿ ಕಮಾನೂ ಎದ್ದಿತ್ತು, ಫೋಟೋ ನೋಡಿ ಒಂದಷ್ಟು ಮಂದಿ ಮುಂಗಡವನ್ನೂ ಕೊಟ್ಟಿದ್ದರು. ಮೊದಲಿಗೆ ಕೊಟ್ಟವನು ಮಸ್ಕಿಯ ಒಬ್ಬ ಶಾಲಾ ಮಾಸ್ತರ.

ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ಮೇಲೆ ಅಕ್ಕಾರು ಫೋನ್ ಮಾಡಿದರು. “ತಮ್ಮಾ, ನೀರು ಬಿಟ್ಟಾರಂತ. ನೀವು ಉಂಡದ್ದು ಖರೇ, ಆದ್ರ ತಗೊಳ್ಳಾಕಿ ನಾ ಉಂಡಿಲ್ಲಲ್ಲ. ನಾಳೆ ರೊಟ್ಟಿ ಕಟ್ಕೊಂಡು ತಯಾರಿರ್ತೀನಿ, ಬಾ.” ಗಾಡಿ ರಿಪೇರಿಗೆ ಹೋಗಿದೆ ಎಂದೆ. “ಬಸ್ಸು ಅದಾವಲ್ಲ” ಎಂದರು. ಇನ್ನೇನು ಮಾಡಲಿ, ಮರುದಿನ ನನ್ನ ಹೊಸ ಕಾರಿನಲ್ಲೇ ಹೋದೆ. ರಿಪೇರಿಯ ಮಾತನ್ನು ಅವರು ಎತ್ತಲಿಲ್ಲ. ಮಸ್ಕಿ ದಾಟುವವರೆಗೂ ಕಿಟಕಿ ಯಾವ ದಿಕ್ಕಿಗೆ ಇಡಬೇಕು, ತುಳಸಿ ಎಲ್ಲಿ ನೆಡಬೇಕು ಎಂದೇ ಮಾತಾಡುತ್ತಿದ್ದರು. ನಾನು ಹ್ಞೂಂಗುಟ್ಟುತ್ತ ಗಾಡಿ ಓಡಿಸಿದೆ.

ಕಮಾನಿನ ಕೆಳಗೆ ಇಳಿದು ಅಕ್ಕಾರು ಗಂಡನ ಫೋಟೋವನ್ನು ತುಸುಹೊತ್ತು ನೋಡಿದರು. ಮೂಲೆಯ ಸೈಟಿಗೆ ಹೋದೆವು. ಮೇಲಿನ ಗರಸು ನೋಡಲು ಒಣಗಿಯೇ ಇತ್ತು. ಹುಚ್ಚ ನಾನು, ಕಾರಿನಿಂದ ಒಂದು ಪ್ಲಾಸ್ಟಿಕ್ ಹಾಳೆ ತಂದು ಹಾಸಲು ಹೋದೆ. ಅಕ್ಕಾರು ಅದನ್ನು ಕಾಲಿನಿಂದ ಆಚೆ ಸರಿಸಿ, “ಮರತಿ ಏನು?” ಎಂದು ನೆಲಕ್ಕೇ ಕುಳಿತರು. ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನನ್ನ ಕೈಗೂ ಒಂದು ರೊಟ್ಟಿ ಇಟ್ಟರು.

ನನಗೆ ಪುಂಡಿಪಲ್ಯವೆಂದರೆ ಪ್ರಾಣ ಎಂದು ಅವರಿಗೆ ಗೊತ್ತು. ತುತ್ತು ಬಾಯಿಗಿಟ್ಟೆ. ಅಗಿದೆ, ಅಗಿದೆ, ಅಗಿಯುತ್ತಲೇ ಇದ್ದೆ. ಹಾಳಾದ್ದು ಕೆಳಗೆ ಇಳಿಯಲಿಲ್ಲ. ಅಕ್ಕಾರು ತಮ್ಮ ರೊಟ್ಟಿಯನ್ನು ನಿಧಾನ ತಿಂದು ಮುಗಿಸಿದರು, ನನ್ನ ಕೈಯಲ್ಲಿದ್ದದ್ದನ್ನು ನೋಡಿದರು. ಕೈ ತೊಳೆದು, ಮೊಣಕಾಲು ಹಿಡಿದುಕೊಂಡು ಎದ್ದರು. ಅವರ ಸೀರೆಯ ಹಿಂಭಾಗ ಪೂರ್ತಿ ತೊಯ್ದು ಕಪ್ಪಾಗಿತ್ತು. ಅವರು ಕುಳಿತಿದ್ದ ಜಾಗದಲ್ಲಿ ಗರಸಿನ ಸಂದಿಯಿಂದ ನೀರು ಜಿನುಗಿ ನಿಂತಿತ್ತು.

ಅಕ್ಕಾರು ಸೀರೆ ಮುಟ್ಟಿ ನೋಡಿಕೊಂಡರು.

“ನೀವು ಉಂಡಿದ್ದಿಲ್ಲ.”

“ಇಲ್ರಿ ಅಕ್ಕಾರ. ತಪ್ಪಾತ್ರಿ.”

“ಅವರು ಹೋಗೂಮುಂದ ಏನು ಹೇಳಿದ್ರು ಗೊತ್ತೇನು? ಮನಿ ಮಾಡೂ ಆಸೆ ಇದ್ರ ಇವನ ಕಡೆ ತಗೋ, ಇವ ಬುತ್ತಿ ಬಿಚ್ಚದ ನೆಲ ಮಾರಾಂವಲ್ಲ ಅಂದ್ರು.” ಅವರ ದನಿ ಏರಲೂ ಇಲ್ಲ. “ನೆಲದ ವಿಷಯದಾಗ ಎಂದೂ ತಪ್ಪಿದವರಲ್ಲಪಾ ಅವರು. ನಿನ್ನ ವಿಷಯದಾಗ ತಪ್ಪಿದ್ರು.”

ಬೈದಿದ್ದರೆ ಚೆನ್ನಾಗಿತ್ತು. ಕಪಾಳಕ್ಕೆ ಎರಡು ಬಿಟ್ಟಿದ್ದರೆ ಇನ್ನೂ ಚೆನ್ನಾಗಿತ್ತು. ಕಾರಿನ ಬಾಗಿಲು ತೆಗೆದು ನಿಂತೆ. “ಬ್ಯಾಡ. ನಿನ್ನ ಹೊಸಾ ಸೀಟು ಹಸಿ ಆಗ್ತದ” ಎಂದು ಡಾಂಬರು ರಸ್ತೆಗೆ ನಡೆದರು. ನಾನು ಬೆನ್ನ ಹಿಂದೆಯೇ ಹೋದೆ. ಬಸ್ಸಿಗೆ ಕೈ ಮಾಡುವ ಮೊದಲು ತಿರುಗಿ ಹೇಳಿದರು: “ಅವರ ಫೋಟೋ ಇಳಸು. ಮತ್ತ ನನ್ನ ಒಬ್ಬಾಕೀಗೆ ಉಣ್ಣಿಸಿದ್ರ ಆಗಂಗಿಲ್ಲ. ಮುಂಗಡ ಕೊಟ್ಟವರನ್ನೆಲ್ಲಾ ಕರ್ಕೊಂಡು ಬಂದು ಇಲ್ಲೇ ಉಣ್ಣಸು, ಕಾಲುವಿ ಬಂದ್ ಆಗೂದ್ರಾಗ.”

ಬಸ್ಸಿನ ಹಿಂದೆಯೇ ಲಿಂಗಸುಗೂರಿನ ತನಕ ಕಾರು ಓಡಿಸಿದೆ. ಹಿಂದಿನ ಗಾಜಿನಲ್ಲಿ ಅವರು ಕಂಬಿ ಹಿಡಿದು ನಿಂತಿದ್ದು ಕಾಣುತ್ತಿತ್ತು. ಮಸ್ಕಿಯಲ್ಲಿ ಅರ್ಧ ಬಸ್ಸು ಇಳಿದು ಖಾಲಿಯಾಯಿತು. ಆಗಲೂ ಅವರು ಕೂರಲಿಲ್ಲ.

ಫೋಟೋವನ್ನು ಏಣಿ ಹಾಕಿ ನಾನೇ ಇಳಿಸಿದೆ. ಪಾಲುದಾರರಿಬ್ಬರೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಿನ್ನೆ ಮಸ್ಕಿಯ ಆ ಮಾಸ್ತರನಿಗೆ ಫೋನ್ ಮಾಡಿ, ಸೈಟಿನ ಮೇಲೆ ಕೂತು ಊಟ ಮಾಡೋಣ, ನಾಳೆ ಬಾ ಎಂದೆ.

“ಯಾಕ್ರಿ ಸುಮ್ನ ತ್ರಾಸು?” ಎಂದ ಅವನು. “ಸರ್ ಹೆಸರು ಇದ್ದ ಮ್ಯಾಲ ನೋಡೂದೇನೈತ್ರಿ?”



“ಬಾರಪಾ,” ಎಂದೆ. “ರೊಟ್ಟಿ ನಾ ತರ್ತೀನಿ. ನೀ ಒಂದು ಹಳೇ ಪ್ಯಾಂಟು ಹಾಕ್ಕೊಂಡು ಬಾ.”