ಶಶಿಕಿರಣನ ಉದ್ದ ಆಂಟೆನಾ

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಪಂಪ್ ಸ್ಟಾರ್ಟರ್ ರಿಪೇರಿ ಅಂಗಡಿ ಇಟ್ಟಿರುವ ಮಾನಸಾ ನಗುಮುಖದ ಹೆಂಗಸು. ಆದರೆ ಅಣ್ಣ ಶಶಿಕಿರಣನ ಹೆಸರೆತ್ತಿದರೆ ಮುಖ ಸುಟ್ಟ ಬದನೆಕಾಯಿಯಾಗುತ್ತದೆ. ಯಾಕಾಗಬಾರದು?

ಮನೆಯಲ್ಲಿ ಬಟನ್ ಒತ್ತಿದರೆ ತೋಟದ ಪಂಪು ಶುರುವಾಗುವ ವೈರ್‌ಲೆಸ್ ಪೆಟ್ಟಿಗೆ ಹುಟ್ಟಿದ್ದೇ ಅವಳ ತಲೆಯಿಂದ. ಹಾಸನದಲ್ಲಿ ಅಣ್ಣ ತಂಗಿ ಸೇರಿ ಅದನ್ನು ತಯಾರಿಸುತ್ತಿದ್ದರು. ಒಳಗಿನ ರೇಡಿಯೊ ಮಾಡ್ಯೂಲಿಗೆ ಸರ್ಕಾರದ ಅನುಮತಿ ಇತ್ತು, ಅದೂ ಜತೆಗೆ ಬಂದ ಗಿಡ್ಡ ಆಂಟೆನಾ ಹಾಕಿದರೆ ಮಾತ್ರ. ದೂರದ ತೋಟಕ್ಕೂ ಸಿಗ್ನಲ್ ಮುಟ್ಟಲೆಂದು ಶಶಿಕಿರಣ ಉದ್ದದ್ದೊಂದನ್ನು ಸಿಕ್ಕಿಸಿದ. ಇದರಿಂದ ಸಿಗ್ನಲ್ಲಿನ ಬಲ ಅನುಮತಿಯ ಮಿತಿ ಮೀರುತ್ತದೆ, ಇಡೀ ಪೆಟ್ಟಿಗೆಯನ್ನೇ ಮತ್ತೆ ಪರೀಕ್ಷೆ ಮಾಡಿಸಬೇಕು ಎಂದು ಅವಳು ಬಡಕೊಂಡಳು. ಮಾಡ್ಯೂಲಿನ ಮೇಲೆ ಸ್ಟಿಕ್ಕರ್ ಇದೆಯಲ್ಲ ಎಂದ ಆ ಪುಣ್ಯಾತ್ಮ. ಚನ್ನರಾಯಪಟ್ಟಣದಲ್ಲಿ ಒಬ್ಬರ ಪೆಟ್ಟಿಗೆ ಅಕ್ಕಪಕ್ಕದವರ ಸಿಗ್ನಲ್ಲನ್ನೆಲ್ಲ ನುಂಗತೊಡಗಿದಾಗ, ಡೀಲರುಗಳ ಮುಂದೆ ನಿಂತು ಎಲ್ಲ ತಂಗಿಯ ಎಡವಟ್ಟು ಎಂದುಬಿಟ್ಟ. ತಂಗಿಯನ್ನು ಕಾರ್ಖಾನೆಯಿಂದ ಹೊರಗೆ ಹಾಕಿದ. ಆಂಟೆನಾ ಮಾತ್ರ ಹಾಗೇ ಉಳಿಯಿತು.

ಈ ವರ್ಷ ಅವನೇ ಅವಳ ಅಂಗಡಿಗೆ ಬಂದ. ಅರಕಲಗೂಡಿನ ರೈತರ ಸಂಘವೊಂದು ಇಡೀ ಪೆಟ್ಟಿಗೆಗೆ ಸರ್ಕಾರದ ಅನುಮತಿ ಇರುವುದನ್ನು ತೋರಿಸು ಎಂದು ಕೇಳಿತ್ತು. ಹಿಂದೆ ಮಾರಿದ್ದನ್ನೂ ನೆಟ್ಟಗೆ ಮಾಡಿಕೊಡದಿದ್ದರೆ ಹೊಸದನ್ನು ಕೊಳ್ಳುವುದಿಲ್ಲ ಎಂದಿತ್ತು.

"ನೀನೇ ಕಾಪಾಡ್ಬೇಕು ಕಣವ್ವ. ಈ ಆರ್ಡರ್ ತಪ್ಪೋದ್ರೆ ಕಾರ್ಖಾನೆ ಮುಚ್ಬೇಕಾಯ್ತದೆ."

ಮಾನಸಾ ಕಾಫಿ ತರಿಸಿಕೊಟ್ಟಳು. ಮೊದಲು ಅದೇ ಡೀಲರುಗಳ ಮುಂದೆ ತಪ್ಪು ನಿನ್ನದೆಂದು ಹೇಳು ಎಂದಳು. ಅವನು ತಲೆ ತಗ್ಗಿಸಿ ಹೇಳಿದ. ಅಷ್ಟಕ್ಕೆಲ್ಲ ಅವಳ ಹೊಟ್ಟೆ ತಣ್ಣಗಾಗಲಿಲ್ಲ.

ಸುಲಭದ ದಾರಿಯೊಂದಿತ್ತು. ಮನೆಯ ಬಟನ್ನಿನಿಂದಲೇ ರೇಡಿಯೊದ ಶಕ್ತಿ ತಗ್ಗಿಸುವ ಏರ್ಪಾಡನ್ನು ಅವಳು ಎಲ್ಲ ಪೆಟ್ಟಿಗೆಗಳಲ್ಲೂ ಹಿಂದೆಯೇ ಮಾಡಿಟ್ಟಿದ್ದಳು. ಹಾಗೆ ತಗ್ಗಿಸಿ ಪರೀಕ್ಷೆಗೆ ಕಳಿಸಿದ್ದರೆ ಉದ್ದ ಆಂಟೆನಾ ಇದ್ದೂ ಪೆಟ್ಟಿಗೆ ಪಾಸಾಗುತ್ತಿತ್ತು. ಮಾರಿದ ಪೆಟ್ಟಿಗೆಗಳಿಗೆ, ಬಟನ್ ಹೇಗೆ ಒತ್ತಿ ಶಕ್ತಿ ತಗ್ಗಿಸಬೇಕೆಂದು ರೈತರಿಗೆ ಫೋನಿನಲ್ಲಿ ಹೇಳಿದ್ದರೆ ಸಾಕಿತ್ತು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ. ಅವಳು ಗಿಡ್ಡ ಆಂಟೆನಾ ಹಾಕಿ ಕಳಿಸಿದಳು. ಅನುಮತಿ ಬಂತು.

"ಮಾರಿರೋವೆಲ್ಲಾ ಬಿಚ್ಚಿ ಆಂಟೆನಾ ಬದಲಾಯಿಸ್ಬೇಕು ಕಣಣ್ಣ. ಬೇರೇರ್ನ ನಂಬ್ಬೇಡ, ನೀನೇ ಓಗು."

ಈಗ ಶಶಿಕಿರಣ ಗೊರೂರಿನಿಂದ ಕೊಣನೂರಿನವರೆಗೆ ತೋಟ ತೋಟ ಅಲೆಯುತ್ತಿದ್ದಾನೆ. ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ, ರೈತರು ಮುಖಕ್ಕೇ ಉಗಿಯುತ್ತಾರೆ. ದಿನಾ ಸಂಜೆ ತಂಗಿಗೆ ಫೋನ್ ಮಾಡಿ, ಇನ್ನೂ ಮುಗಿದಿಲ್ಲ, ಬೇರೆ ದಾರಿಯೇ ಇಲ್ಲವೇ ಎಂದು ಕೇಳುತ್ತಾನೆ.

"ಇಲ್ಲ ಕಣಣ್ಣ" ಎನ್ನುತ್ತಾಳೆ ಮಾನಸಾ. ಆಮೇಲೆ ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗಿ, ಹೊಟ್ಟೆ ತುಂಬ ಉಣ್ಣುತ್ತಾಳೆ.